ಇಳಿಜಾರಿನ ಎಂಜಿನಿಯರು

ಭಾನುವಾರ, ಬೆಳಿಗ್ಗೆ ಎಂಟು ಗಂಟೆ. ಸಾಗರದಿಂದ ಹೊಸನಗರಕ್ಕೆ ಹೋಗುವ ರಸ್ತೆಯ ಪಕ್ಕದ ತಗಡಿನ ಶೆಡ್ಡು. ಹಾಜರಿದ್ದವರು ಮೂವರು: ನಾನು; ಶೆಡ್ಡಿನೊಳಗೆ ನಿಂತಿದ್ದ ಹಳೆಯ ಅಂಬಾಸಿಡರ್ ಕಾರಿನ ಯಜಮಾನ ತೀರ್ಥಹಳ್ಳಿಯ ಶೇಷಪ್ಪ; ಬಾಗಿಲು ತೆರೆದುಕೊಟ್ಟ, ಶೆಡ್ಡಿನವನ ಹೆಂಡತಿ ಸುಶೀಲಮ್ಮ. ಶೆಡ್ಡಿನವನು ಹಾಜರಿರಲಿಲ್ಲ. ತೀರಿಕೊಂಡಿದ್ದ, ತಿಥಿಯ ಊಟವೂ ಮುಗಿದಿತ್ತು. ಬದುಕಿದ್ದಾಗಲೂ ಎಂಟು ಗಂಟೆಗೆ ಹಾಜರಿದ್ದವನಲ್ಲವಾದ್ದರಿಂದ ಆ ಬೆಳಿಗ್ಗೆ ನನಗೆ ಹೆಚ್ಚಿನ ವ್ಯತ್ಯಾಸವೇನೂ ಕಾಣಲಿಲ್ಲ.

ನನ್ನ ಚೀಲದಲ್ಲಿ ಅರಗಳು, ಕೈಗರಗಸ, ಸೀಮೆಸುಣ್ಣ ಇದ್ದವು. ಅಡಿಯಲ್ಲಿ ಒಂದು ದಪ್ಪ ನೈಲಾನ್ ಹಗ್ಗವಿತ್ತು. ಶೆಡ್ಡಿನವನು ಕೈಹಾಕಿ ಬಿಟ್ಟುಹೋದ ಕಾರನ್ನು ಕಟ್ಟಿ ಎಳೆದೊಯ್ಯಲು ಒಂದು ಪಿಕಪ್ ಗಾಡಿಗೆ ಹೇಳಿಯಾಗಿತ್ತು. ಮೊದಲ ಕೆಲಸವೆಂದು ಹಗ್ಗದ ಒಂದು ತುದಿಯನ್ನು ಕಾರಿನ ಮುಂದಿನ ಬಂಪರಿನ ಕೆಳಗೆ ಬಿಗಿದೆ. ಅವನು ಕೈಯಿಟ್ಟ ಕೆಲಸದ ಮೇಲೆ ನನಗಿದ್ದ ನಂಬಿಕೆ ಅಷ್ಟು.

ಸಾಗರದ ಸರ್ಕಲ್ಲಿನಲ್ಲಿ ಅವನ ಫ್ಲೆಕ್ಸ್ ಕಟ್ಟಿದ್ದರು. ಕಪ್ಪು ಕನ್ನಡಕ, ಎದೆಯ ಮೇಲೆ ಕಟ್ಟಿಕೊಂಡ ಕೈ, ಕೆಳಗೆ ‘ಹೆಸರಾಂತ ಎಂಜಿನಿಯರ್’ ಎಂಬ ಅಕ್ಷರಗಳು. ತಿಥಿಯ ದಿನ ಮಾತಾಡಿದವರೆಲ್ಲ ತುಂಬಲಾರದ ನಷ್ಟ ಎಂದರು. ನಾನು ಅವನ ಹಳೆಯ ಫೋರ್‌ಮನ್ ಎಂಬ ಕಾರಣಕ್ಕೆ ನನ್ನನ್ನೂ ಎರಡು ಮಾತಾಡಿ ಎಂದರು. ಸಾರು ಆರುತ್ತದೆ, ಏಳಿ ಎಂದು ತಪ್ಪಿಸಿಕೊಂಡೆ. ಅಲ್ಲಿ ಆಡದೆ ಉಳಿಸಿಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಅವನ ಕೈಗೆ ಗಾಡಿ ಕೊಟ್ಟಿದ್ದವರಿಗೆ ಇಷ್ಟು ಹೊತ್ತಿಗೆ ಗೊತ್ತಾಗಿರುತ್ತದೆ.

ನಾನು ಅವನನ್ನು ಮೊದಲು ಕಂಡದ್ದು ಮಾಸ್ತಿಕಟ್ಟೆಯಲ್ಲಿ. ಅಣೆಕಟ್ಟಿನ ಸುತ್ತಮುತ್ತ ಕಬ್ಬಿಣದ ಕೆಲಸ ಹಿಡಿದಿದ್ದ ಕಂಟ್ರಾಕ್ಟರರೊಬ್ಬರ ವರ್ಕ್‌ಶಾಪಿಗೆ ನಾನು ಫೋರ್‌ಮನ್. ಹೊರಗೆ ಒಂದು ರೈಲುಕಂಬಿಯ ತುಂಡು ನೇತುಹಾಕಿದ್ದೆವು. ಬೆಳಿಗ್ಗೆ ಎಂಟಕ್ಕೆ ನಾನೇ ಅದನ್ನು ಬಾರಿಸುತ್ತಿದ್ದೆ. ಆ ಸದ್ದು ಅಡಗಿದ ಮೇಲೆ ಒಳಗೆ ಬಂದವನಿಗೆ ಅರ್ಧ ದಿನದ ಕೂಲಿ ಇಲ್ಲ. ಇವನು ಗಂಟೆಯ ಸದ್ದು ಅಡಗುವುದನ್ನೇ ಕಾಯುತ್ತಿದ್ದನೋ ಏನೋ, ಟೀ ಲೋಟ ಹಿಡಿದುಕೊಂಡೇ ಬರುತ್ತಿದ್ದ.

“ಎಷ್ಟು ಹೊತ್ತಯ್ಯಾ?” ಎಂದರೆ, “ಗಂಟೆ ಹೊಡೆಯೋದು ಕೂಲಿಯವ್ರಿಗೆ ಸಾರ್. ಕೈಕೆಲಸದವ್ನಿಗೆ ಮನಸ್ಸು ಬರ್ಬೇಕು” ಎನ್ನುತ್ತಿದ್ದ.

ಮನಸ್ಸು ಬಂದ ದಿನ ಅವನ ವೆಲ್ಡಿಂಗ್ ನೋಡಬೇಕಿತ್ತು. ಇದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಎರಡು ಕಬ್ಬಿಣದ ಅಂಚು ಕೂಡಿದ ಗೆರೆಯ ಮೇಲೆ ಮೀನಿನ ಹುರುಪೆ ಜೋಡಿಸಿದ ಹಾಗೆ, ಒಂದರ ಮೇಲೊಂದು, ಒಂದೇ ಅಳತೆಯಲ್ಲಿ ಸಾಗುತ್ತಿತ್ತು. ಅಂಥ ಹೊಲಿಗೆ ನನ್ನ ಕೈಯಲ್ಲಿ ಯಾವತ್ತೂ ಬಂದಿಲ್ಲ. ಆದರೆ ಹೊಲಿಗೆ ಚೆಂದವಿದ್ದರೆ ಸಾಲದು, ಅಂಗಿ ಯಾರಿಗಾದರೂ ಆಗಬೇಕು. ಇವನು ಮೊದಲು ಹೊಲಿದು ಆಮೇಲೆ ಮೈ ಹುಡುಕುವವನು. ಹೊಸನಗರದಲ್ಲಿ ಕಂಟ್ರಾಕ್ಟರರ ಮನೆಗೆ ಗೇಟು ಮಾಡಲು ಇವನನ್ನೇ ಕಳಿಸಿದೆವು. ಬಳ್ಳಿ, ಹೂವು, ನವಿಲು, ಎಲ್ಲ ಸೇರಿ ಗೇಟು ತಯಾರಾಯಿತು. ಕಂಬಗಳ ನಡುವೆ ಕೂರಲಿಲ್ಲ, ಒಂದು ಗೇಣು ಹೆಚ್ಚು.

“ಅಳತೆ ತಗೊಂಡಿದ್ದೀಯೇನೋ?” ಎಂದೆ.

“ಗೋಡೆ ಕಟ್ಟಿದವ್ನು ತಗೊಂಡಿಲ್ಲ ಸಾರ್” ಎಂದ.

ಕಂಟ್ರಾಕ್ಟರರ ಮನೆಯವರಿಗೆ ನವಿಲು ಹಿಡಿಸಿತ್ತು. ಗಾರೆಯವನನ್ನು ಕರೆಸಿ ಕಂಬ ಒಡೆಸಿದರು. ಆ ದಿನ ಇವನೊಂದು ಪಾಠ ಕಲಿತ: ಕೆಲಸ ತಪ್ಪಿದರೆ ಗೋಡೆಯನ್ನು ಒಡೆಯಿಸಬಹುದು. ಜೀವನಪೂರ್ತಿ ಅದನ್ನು ಬಿಡಲಿಲ್ಲ.

ಆಮೇಲೆ ವರ್ಕ್‌ಶಾಪು ಮುಚ್ಚಿತು. ನಾನು ಸಾಗರಕ್ಕೆ ಬಂದು ನೆಲೆಸಿದೆ. ಅವನೂ ಸಾಗರಕ್ಕೇ ಬಂದು ಈ ಶೆಡ್ಡು ಹಾಕಿದ. ಜಾಗ ಆರಿಸಿದ ರೀತಿಯಲ್ಲೇ ಅವನ ಬುದ್ಧಿಯೆಲ್ಲ ಇದೆ. ಶೆಡ್ಡು ಇರುವುದು ಏರಿನ ನಡುವೆ. ಎಡಕ್ಕೆ ಇಳಿದರೆ ಪೇಟೆ, ಬಲಕ್ಕೆ ಹತ್ತಿದರೆ ಹೊಸನಗರದ ದಾರಿ. “ನನ್ನ ಶೆಡ್ಡಿಂದ ಒಂದ್ ಗಾಡಿನೂ ಹಗ್ಗ ಕಟ್ಟಿಸ್ಕಂಡು ಹೋಗಿಲ್ಲ” ಎಂದು ಎದುರಿನ ಹೋಟೆಲಿನಲ್ಲಿ ಕೂತು ಅವನು ಹೇಳುತ್ತಿದ್ದ. ಮಾತು ಸುಳ್ಳಲ್ಲ. ರಿಪೇರಿಯಾದ ಗಾಡಿಗೆ ಕುಂಕುಮ ಹಚ್ಚಿ, ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು, ಯಜಮಾನನನ್ನು ಒಳಗೆ ಕೂರಿಸಿ, ತಾನು ಹಿಂದಿನಿಂದ ಒಂದು ಅಂಗೈ ಒತ್ತು ಕೊಡುತ್ತಿದ್ದ. ಗಾಡಿ ಜುಂ ಎಂದು ಇಳಿಯುತ್ತಿತ್ತು. ಹೋಟೆಲಿನವರು ಚಪ್ಪಾಳೆ ಹೊಡೆಯುತ್ತಿದ್ದರು. ಇಳಿಜಾರು ಮುಗಿದಲ್ಲಿ ಮಸೀದಿಯ ಹಿಂದೆ ಇನ್ನೊಬ್ಬ ಮೆಕ್ಯಾನಿಕ್ ಇದ್ದಾನೆ. ಅವನು ಇವತ್ತು ಎರಡಂತಸ್ತಿನ ಮನೆ ಕಟ್ಟಿಸಿದ್ದು ಅರ್ಧಕ್ಕರ್ಧ ಈ ಇಳಿಜಾರಿನ ದಯೆಯಿಂದ.

ನಾನು ಬಂಪರಿಗೆ ಹಗ್ಗ ಬಿಗಿದು ಎದ್ದಾಗ ಸುಶೀಲಮ್ಮ ಬಾಗಿಲಲ್ಲೇ ನಿಂತಿದ್ದರು.

“ಅದೆಂತಕ್ಕೆ ಸಾರ್, ಹಗ್ಗ?”

“ಎಳೆಸಲಿಕ್ಕಮ್ಮ. ಪಿಕಪ್ ಬರ್ತದೆ.”

“ಬರೂದು ಬೇಡ ಅನ್ನಿ.” ಆಕೆ ಶೇಷಪ್ಪನ ಕಡೆ ತಿರುಗಿದರು. “ಈ ಗಾಡಿ ಹಗ್ಗದಲ್ಲಿ ಹೋಗ್‌ಬಾರ್ದು. ಸತ್ತ ಮನುಷ್ಯನ್ನೇ ಎಳ್ಕಂಡು ಹೋದ ಹಂಗಾಗ್ತದೆ.”

ನನಗೆ ಸಿಟ್ಟು ಬಂತು. “ನೋಡಮ್ಮ, ಇಲ್ಲಿಂದ ಗಾಡಿಗಳು ಹೇಗೆ ಹೋಗ್ತಿದ್ದವು ಅಂತ ನಿನಗೆ ಗೊತ್ತಿಲ್ಲ” ಎಂದೆ.

“ಗೊತ್ತಿಲ್ದೆ ಎಂತ ಸಾರ್? ಈ ಬಾಗ್ಲಲ್ಲಿಟ್ಟು ಕೈ ಬಿಟ್ರೆ ಹಲಸಿನ ಹಣ್ಣೂ ಪೇಟೆ ಮುಟ್ತದೆ. ಅರ್ಧ ಗಂಟೆ ಆದ್‌ಮೇಲೆ ಫೋನು ಬರ್ತಿತ್ತಲ, ಅದನ್ನ ನನ್ನ ಕೈಗೆ ಕೊಟ್ಟು, ‘ಎಂಜಿನಿಯರು ಸೈಟಲ್ಲಿದಾರೆ ಅನ್ನು’ ಅಂತಿದ್ರು. ಬೈಸ್ಕಂಡಿದ್ದೆಲ್ಲ ನಾನೇ.”

ಶೇಷಪ್ಪ ನೆಲ ನೋಡಿದ. ಕೆಲಸ ತಡವಾಯಿತೆಂದು ಅವನೂ ಫೋನು ಮಾಡಿ ಬೈದವರಲ್ಲಿ ಒಬ್ಬನಿರಬೇಕು.

“ಈ ಗಾಡಿ ತೀರ್ಥಳ್ಳಿದು. ಮೇಲಕ್ಕೆ ಹೋಗ್ಬೇಕಾದ್ದು. ಇಲ್ಲಿಗೆ ಬಂದಿದ್ರಲ್ಲಿ ಇದೊಂದೇ ಕಡೇದು. ಒಂದಾದ್ರೂ ಏರು ಹತ್ತಿ ಹೋಗ್ಲಿ ಸಾರ್. ಎದುರಿಗಿನ ಹೋಟ್ಲವ್ರ ಮಕ ನೋಡ್ಕಂಡು ಇಲ್ಲಿ ಇರ್ಬೇಕಾದೋಳು ನಾನು. ನೀವಲ್ಲ, ಅವ್ರೂ ಅಲ್ಲ.”

ಪಿಕಪ್ಪಿನವನಿಗೆ ಸಂಜೆಯವರೆಗೆ ಕಾಯಲು ಹೇಳು ಎಂದು ಶೇಷಪ್ಪನಿಗೆ ಹೇಳಿದೆ. ಹಗ್ಗ ಬಿಚ್ಚಲಿಲ್ಲ. ಕಾರಿನ ಬಾನೆಟ್ ಎತ್ತಿದೆ.

ಶೇಷಪ್ಪ ಹಿಂದೆ ನಮ್ಮ ಕಂಟ್ರಾಕ್ಟರರಲ್ಲೇ ಡ್ರೈವರ್ ಆಗಿದ್ದವನು. ಆಮೇಲೆ ಈ ಕಾರು ಕೊಂಡು ತೀರ್ಥಹಳ್ಳಿಯಲ್ಲಿ ಬಾಡಿಗೆ ಓಡಿಸಿದ. ಆಗುಂಬೆ ಘಾಟಿ ಇಳಿಸಿ ಎಷ್ಟೋ ಬಸುರಿಯರನ್ನು, ರೋಗಿಗಳನ್ನು ಆಸ್ಪತ್ರೆ ಮುಟ್ಟಿಸಿದ ಕಾರು. ಅದರ ಎಂಜಿನ್ ಸೋತಿತು. ಗುಜರಿಗೆ ಹಾಕಲು ಮನಸ್ಸು ಬರಲಿಲ್ಲ. ಅಪಘಾತದಲ್ಲಿ ಹೋದ ಒಂದು ಜಪಾನಿ ಕಾರಿನ ಎಂಜಿನ್ ತಂದು ಇದಕ್ಕೆ ಕೂರಿಸಿದ. ಅದನ್ನು ಕೂರಿಸಿದ್ದು ಶಿವಮೊಗ್ಗದ ಒಬ್ಬ ಮೆಕ್ಯಾನಿಕ್, ಆದ್ದರಿಂದ ಅದು ಸರಿಯಾಗಿಯೇ ಕೂತಿತ್ತು. ಆರ್‌ಟಿಓ ಕಾಗದವನ್ನೂ ಶೇಷಪ್ಪ ಮಾಡಿಸಿಕೊಂಡಿದ್ದ. ಉಳಿದದ್ದು ಒಂದೇ. ಹಳೆಯ ಎಂಜಿನ್ನಿನ ಹೊಗೆ ಎಡಕ್ಕೆ ಬರುತ್ತಿತ್ತು. ಹೊಸದರ ಹೊಗೆ ಬರುವುದು ಬಲಕ್ಕೆ, ಸ್ಟೀರಿಂಗಿನ ಸರಳು ಇಳಿಯುವ ಕಡೆಗೆ. ಅಂಗಡಿಯಲ್ಲಿ ಸಿಗುವ ಕೊಳವೆ ಅಲ್ಲಿ ಹಿಡಿಸುವುದಿಲ್ಲ. ಎಂಜಿನ್ನಿನ ನಾಲ್ಕು ಬಾಯಿಗೆ ನಾಲ್ಕು ಕೊಳವೆ ಕೊಟ್ಟು, ಸ್ಟೀರಿಂಗನ್ನು ತಪ್ಪಿಸಿ ಬಾಗಿಸಿ, ಕೆಳಗೆ ಒಂದರಲ್ಲಿ ಕೂಡಿಸಬೇಕು. ಈ ಕೊಳವೆಗಳ ಗೊಂಚಲಿಗೆ ಹೆಡರ್ ಎನ್ನುತ್ತಾರೆ. ಆ ಕಾರಿಗೆ ತಕ್ಕಂತೆ ಕೈಯಲ್ಲೇ ಮಾಡಬೇಕು. ಸಾಗರದಲ್ಲಿ ಅದನ್ನು ಮಾಡುತ್ತೇನೆಂದು ಎದೆ ತಟ್ಟಿಕೊಂಡವನು ಈ ಶೆಡ್ಡಿನವನೊಬ್ಬನೇ. ಮೊಬೈಲಿನಲ್ಲಿ ವಿಡಿಯೋ ನೋಡಿ ಕಲಿತಿದ್ದ.

ಮಳೆಗಾಲಕ್ಕೆ ಮುಂಚೆ ಶೇಷಪ್ಪ ಒಮ್ಮೆ ನನ್ನನ್ನು ಇಲ್ಲಿಗೆ ಕರೆತಂದಿದ್ದ, ಕೆಲಸ ಎಲ್ಲಿಗೆ ಬಂತು ನೋಡಿ ಹೇಳಿ ಎಂದು. ಎಂಜಿನ್ನಿನ ಬಾಯಿಗಳಿಂದ ನಾಲ್ಕು ಹಸಿ ಬೆತ್ತಗಳು ಹೊರಟು, ಸ್ಟೀರಿಂಗ್ ಸರಳನ್ನು ಬಳಸಿಕೊಂಡು ಕೆಳಗಿಳಿದಿದ್ದವು. ಅಲ್ಲಲ್ಲಿ ತಂತಿ ಕಟ್ಟಿದ್ದ.

“ವಿಡಿಯೋದಲ್ಲಿ ಪ್ಲಾಸ್ಟಿಕ್ ತುಂಡು ಜೋಡಿಸಿ ಮಾದರಿ ಮಾಡ್ತಾರೆ ಸಾರ್. ನಮ್ ಕಾಡಲ್ಲಿ ಬೆತ್ತ ಇರ್ಬೇಕಾದ್ರೆ ಪ್ಲಾಸ್ಟಿಕ್ ಎಂತಕ್ಕೆ? ಇದ್ರ ಬಾಗು ನೋಡ್ಕಂಡು ಪೈಪು ಕತ್ತರಿಸೂದು, ಕೂಡಿಸೂದು.”

ಉಪಾಯ ಕೆಟ್ಟದ್ದಲ್ಲ. ಅವನ ಉಪಾಯ ಯಾವಾಗಲೂ ಕೆಟ್ಟದ್ದಿರುತ್ತಿರಲಿಲ್ಲ. ಉಪಾಯದ ಮಾರನೆಯ ದಿನ ಅವನು ಇರುತ್ತಿರಲಿಲ್ಲ, ಅಷ್ಟೇ.

“ಹಾಗಾದರೆ ಕಟ್ಟು ಬಿಚ್ಚಬೇಡ. ಅಲ್ಲೇ ಒಣಗಲಿ” ಎಂದೆ. ಬುಟ್ಟಿ ಹೆಣೆಯುವ ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಬಾಗಿಸಿದ ಬೆತ್ತವನ್ನು ಕಟ್ಟಿಟ್ಟು ಒಣಗಿಸಿದರೆ ಆ ಬಾಗಿನಲ್ಲೇ ನಿಲ್ಲುತ್ತದೆ. ಹಸಿಯಾಗಿ ಬಿಚ್ಚಿದರೆ ಮೆಲ್ಲಗೆ ನೆಟ್ಟಗಾಗುತ್ತದೆ.

“ಬೆತ್ತಕ್ಕೆ ನನ್ ಹೆದ್ರಿಕೆ ಇದೆ ಸಾರ್” ಎಂದು ನಕ್ಕ. ಆ ಸಂಜೆ ಅವನಿಗೆ ಎಲ್ಲಿಯೋ ಸನ್ಮಾನವಿತ್ತು. ನಮ್ಮೆದುರಿಗೇ ಬೆತ್ತಗಳನ್ನು ಹಸಿಯಾಗಿ ಬಿಚ್ಚಿ, ಗೋಡೆಯ ಮೊಳೆಗೆ ನೇತುಹಾಕಿ, ಶಾಲು ಹೊದೆಯಲು ಹೋದ. ಮತ್ತೆ ಕೆಲಸಕ್ಕೆ ಕೈ ಹಾಕಿದ್ದು ಯಾವಾಗಲೋ. ಅಷ್ಟರಲ್ಲಿ ಬೆತ್ತಗಳು ಅವನ ಹೆದರಿಕೆಯನ್ನು ಮರೆತಿದ್ದವು. ನೆಟ್ಟಗಾದ ಬೆತ್ತ ನೋಡಿ ಕೊಳವೆ ಕೂಡಿಸಿದ.

ಫಲ ಈಗ ನನ್ನ ಕಣ್ಣೆದುರಿಗಿತ್ತು. ಮೂರನೆಯ ಕೊಳವೆ ಸೀದಾ ಸ್ಟೀರಿಂಗ್ ಸರಳಿಗೆ ಒತ್ತಿಕೊಂಡಿತ್ತು. ಅದನ್ನು ತಪ್ಪಿಸಲು ಸುತ್ತಿಗೆಯಿಂದ ಬಡಿದು ಕೊಳವೆಯನ್ನು ಚಪ್ಪಟೆ ಮಾಡಿದ್ದ. ಸ್ವಲ್ಪ ತಗ್ಗು ಮಾಡುವುದನ್ನು ನಾನೂ ಒಪ್ಪುತ್ತೇನೆ, ಇದು ಕತ್ತು ಹಿಸುಕಿದ ಹಾಗಿತ್ತು.

“ನಾನು ಆಗ್ಲೇ ಕೇಳ್ದೆ ಸಾರ್” ಎಂದ ಶೇಷಪ್ಪ. “ಇದ್ರಲ್ಲಿ ಹೊಗೆ ಹೋಗ್ತದ ಮಾರಾಯ್ರೆ ಅಂತ. ‘ನಿನ್ ಗಂಟ್ಲು ಎಷ್ಟು ದೊಡ್ಡದಿದ್ಯೋ ಶೇಷಪ್ಪ, ಅದ್ರಲ್ಲಿ ಎರಡು ಸೇರು ಅನ್ನ ಹೋಗಲ್ವಾ’ ಅಂದ್ರು.”

“ಮಾತಲ್ಲಿ ಅವನನ್ನು ಗೆದ್ದವರಿಲ್ಲ. ಅದಕ್ಕೇ ಕೆಲಸದಲ್ಲಿ ಗೆಲ್ಲಬೇಕಾದ ಪ್ರಮೇಯ ಬರಲಿಲ್ಲ” ಎಂದೆ.

ಸುಶೀಲಮ್ಮ ಒಳಗೆ ಹೋಗಿದ್ದರಿಂದ ಇಷ್ಟು ಮಾತು ಸಾಧ್ಯವಾಯಿತು. ಆಕೆ ಕಷಾಯ ತಂದಿಟ್ಟು ಹೋದ ಮೇಲೆ ಹೆಡರ್ ಬಿಚ್ಚಿ ಬೆಂಚಿನ ಮೇಲಿಟ್ಟೆ. ಎರಡನೆಯ ಅನಾಹುತ ಆಗ ಕಂಡಿತು. ಕೊಳವೆಗಳನ್ನೆಲ್ಲ ಒಂದು ದಪ್ಪ ಕಬ್ಬಿಣದ ಪಟ್ಟಿಗೆ ಬೆಸೆದು, ಆ ಪಟ್ಟಿಯನ್ನು ಎಂಜಿನ್ನಿಗೆ ಬೋಲ್ಟು ಹಾಕುತ್ತಾರೆ. ಬೆಸೆಯುವಾಗ ಪಟ್ಟಿಯನ್ನು ಗಟ್ಟಿಯಾಗಿ ಏನಕ್ಕಾದರೂ ಬಿಗಿದಿರಬೇಕು, ಇಲ್ಲಿ ಸ್ವಲ್ಪ ಅಲ್ಲಿ ಸ್ವಲ್ಪ ಬೆಸೆದು ಆರಲು ಬಿಡಬೇಕು. ಇವನು ಪಟ್ಟಿಯನ್ನು ಸುಮ್ಮನೆ ನೆಲದ ಮೇಲಿಟ್ಟು ಈ ತುದಿಯಿಂದ ಆ ತುದಿಗೆ ಒಂದೇ ಉಸಿರಿಗೆ ಹೊಲಿದಿದ್ದ. ಹೊಲಿಗೆ ಅದ್ಭುತವಾಗಿತ್ತು. ಪಟ್ಟಿ ಕೆಂಡದ ಮೇಲಿನ ಹಪ್ಪಳದ ಹಾಗೆ ಡೊಂಕಾಗಿತ್ತು. ಸಂದಿನಲ್ಲಿ ಬೆರಳು ದಪ್ಪ ಅಂಟು ಮೆತ್ತಿದ್ದ.

ಈ ಅಂಟಿನ ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ಇವನು ಗಿರಾಕಿಯೊಬ್ಬರ ಮನೆಯಂಗಳದಲ್ಲೇ ಎಂಜಿನ್ ಬದಲಿಸಿದ ಒಂದು ಹಳೆಯ ಜೀಪಿನಲ್ಲಿ ನಾನು ಹೊಸನಗರಕ್ಕೆ ಹೊರಟಿದ್ದೆ. ಇವನೇ ಓಡಿಸುತ್ತಿದ್ದ. ಅರ್ಧ ದಾರಿಯಲ್ಲಿ ತಲೆ ಸಿಡಿಯತೊಡಗಿತು. ಬಾನೆಟ್ಟಿನ ಕಡೆಯಿಂದ ಹೊಗೆ ಒಳಗೆ ಬರುತ್ತಿದೆ, ನಿಲ್ಲಿಸು ಎಂದೆ.

“ವಾಸ್ನೆ ಬಂದ್ರೆ ಒಳ್ಳೇದು ಸಾರ್. ಎಂಜಿನ್ ಉಸಿರಾಡ್ತಾ ಇದೆ ಅಂತ.”

“ಕೊಲ್ಲುವ ಹೊಗೆಗೆ ವಾಸನೆ ಇಲ್ಲವೋ ಮೂರ್ಖ.”

“ಹಂಗಾದ್ರೆ ಇದು ಕೊಲ್ಲೋದಲ್ಲ, ವಾಸ್ನೆ ಇದ್ಯಲ” ಎಂದು ಹಾಡು ಹೇಳಿಕೊಂಡು ಓಡಿಸಿದ. ನಾನು ನಡುದಾರಿಯ ಬಟ್ಟೆಮಲ್ಲಪ್ಪದಲ್ಲಿ ಇಳಿದು ಬಸ್ಸು ಹಿಡಿದೆ. ಅಂಟು ಒಣಗಿ ಉದುರಿತ್ತು ಎಂದು ಆಮೇಲೆ ತಿಳಿಯಿತು. ಕಿಟಕಿ ಮುಚ್ಚಿದ ಕಾರಿನಲ್ಲಿ, ಮಳೆಯಲ್ಲಿ, ಆಗುಂಬೆ ಘಾಟಿಯ ತಿರುವುಗಳಲ್ಲಿ ಇದೇ ಅಂಟು ಉದುರಿದ್ದರೆ ಶೇಷಪ್ಪನ ಗತಿ ಏನು? ಡ್ರೈವರನಿಗೆ ಮೊದಲು ನಿದ್ದೆ ಬರುತ್ತದೆ. ಆಮೇಲೆ ಎಚ್ಚರವಾಗುವ ಪ್ರಶ್ನೆಯಿಲ್ಲ. ಇಂಥವನಿಗೆ ಊರು ಎಂಜಿನಿಯರ್ ಎಂದು ಫ್ಲೆಕ್ಸ್ ಕಟ್ಟಿತು.

ಕೆಲಸ ಆರಂಭಿಸಿದೆ. ಪಟ್ಟಿಯನ್ನು ನಡುವೆ ಗರಗಸದಿಂದ ಸೀಳಿದೆ. ಎರಡು ತುಂಡಾದ ಮೇಲೆ ಡೊಂಕು ಅರ್ಧ ಇಳಿಯಿತು. ಉಳಿದದ್ದನ್ನು ಅರದಿಂದ ಉಜ್ಜಬೇಕು. ಒಂದು ಗಾಜಿಗೆ ಸೀಮೆಸುಣ್ಣ ಬಳಿದು ಅದರ ಮೇಲೆ ಪಟ್ಟಿಯನ್ನು ಆಡಿಸಿದರೆ ಉಬ್ಬಿದ ಕಡೆ ಮಾತ್ರ ಬಿಳಿ ಹತ್ತುತ್ತದೆ. ಅಲ್ಲಿ ಉಜ್ಜುವುದು, ಮತ್ತೆ ಆಡಿಸುವುದು. ಎಲ್ಲ ಕಡೆ ಒಂದೇ ಸಮ ಬಿಳಿ ಹತ್ತಿದಾಗ ಊಟದ ಹೊತ್ತಾಗಿತ್ತು. ನಾನು ಒಂದಕ್ಕೆ ಊಟ ಮಾಡುವವನು. ಸುಶೀಲಮ್ಮ ಬಡಿಸಿದರು.

ಉಣ್ಣುವಾಗ ಶೇಷಪ್ಪ ಸಿಗಂದೂರು ದೇವಿಯ ಗುಡಿಯ ಮಾತೆತ್ತಿದ. ಈ ಶೆಡ್ಡಿನಿಂದ ಹೊರಟ ಗಾಡಿ ಮೊದಲು ಸಿಗಂದೂರಿಗೇ ಹೋಗಬೇಕೆಂಬುದು ಸತ್ತವನ ಕಟ್ಟಳೆ. ಈಗ ಸೇತುವೆಯಾಗಿದೆ, ಆಗ ಹಿನ್ನೀರು ದಾಟಲು ಲಾಂಚು. ಒಮ್ಮೆ ಒಂದು ಕಾರು ಲಾಂಚಿನ ಸರತಿಯಲ್ಲೇ ಕೆಟ್ಟು ನಿಂತಿತು. ಯಾತ್ರೆಯವರು ಸೇರಿ ಲಾಂಚಿಗೆ ನೂಕಿದರು, ಆಚೆ ದಡದಲ್ಲಿ ಕೆಳಗೆ ನೂಕಿದರು. ಯಜಮಾನ ಫೋನು ಮಾಡಿ ಬೈದರೆ, ನಿಮ್ಮದು ಯಾವುದೋ ಹರಕೆ ಬಾಕಿ ಇದೆ, ಅಮ್ಮ ತಡೆದಿದ್ದಾಳೆ ಎಂದು ಇವನ ಉತ್ತರ.

“ಅವ್ರಿಗೆ ನಿಜ್ವಾಗ್ಲೂ ಬಾಕಿ ಇತ್ತಂತೆ ಸಾರ್. ಹಣ್ಣುಕಾಯಿ ಮಾಡಿಸಿ ಬಂದ್ರಂತೆ” ಎಂದ ಶೇಷಪ್ಪ.

“ಆಮೇಲೆ ಗಾಡಿ ಸ್ಟಾರ್ಟ್ ಆಯ್ತೇನು?”

“ಇಲ್ಲ.”

ಸುಶೀಲಮ್ಮ ಸಾರಿನ ಸೌಟು ಹಿಡಿದುಕೊಂಡೇ ನಕ್ಕುಬಿಟ್ಟರು. ತಕ್ಷಣ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನೂ ಆ ದೇವಿಗೆ ಕೈಮುಗಿಯುವವನೇ. ಆದರೆ ನಟ್ಟು ಬಿಗಿಯದೆ ಸನ್ಮಾನಕ್ಕೆ ಓಡುವವನ ಪರವಾಗಿ ಆಕೆ ನಿಂತಾಳು ಎಂದು ನಾನು ನಂಬಿಲ್ಲ.

ಊಟವಾದ ಮೇಲೆ ಮೂರನೆಯ ಕೊಳವೆಯನ್ನು ಬುಡದಲ್ಲಿ ಕತ್ತರಿಸಿ ಬಿಸುಟೆ. ವೆಲ್ಡಿಂಗ್ ಕಡ್ಡಿಯೊಂದರ ಮೇಲಿನ ಪುಡಿ ಉದುರಿಸಿ ಒಳಗಿನ ತಂತಿಯನ್ನು ತೆಗೆದೆ. ಅದು ಬೆತ್ತದ ಹಾಗಲ್ಲ, ಬಾಗಿಸಿದಲ್ಲಿ ಇರುತ್ತದೆ. ಅದನ್ನು ಸ್ಟೀರಿಂಗಿನಿಂದ ಎರಡು ಬೆರಳು ದೂರ ಉಳಿಸಿ ಬಾಗಿಸಿಕೊಂಡೆ. ಶೆಡ್ಡಿನ ಮೂಲೆಯಲ್ಲಿ ಬಾಗಿದ ಕೊಳವೆಯ ತುಂಡುಗಳು ರಾಶಿ ಬಿದ್ದಿದ್ದವು, ಸಾಮಾನಿಗೆ ಅವನಲ್ಲಿ ಯಾವತ್ತೂ ಬರವಿಲ್ಲ. ತಂತಿಗೆ ಹೊಂದುವ ತುಂಡು ಆರಿಸಿ, ಎಂಜಿನ್ನಿನ ಮೇಲೇ ಚುಕ್ಕೆ ಚುಕ್ಕೆಯಾಗಿ ಹಿಡಿಸಿ, ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸು ಎಂದು ಶೇಷಪ್ಪನಿಗೆ ಹೇಳಿದೆ. ಎಲ್ಲೂ ತಾಗಲಿಲ್ಲ. ಹೊರಗೆ ತೆಗೆದು, ದಪ್ಪ ಕಬ್ಬಿಣದ ಹಲಗೆಗೆ ಬಿಗಿದು, ಸ್ವಲ್ಪ ಸ್ವಲ್ಪವಾಗಿ ಬೆಸೆದೆ.

ನನ್ನ ಹೊಲಿಗೆ ಗೋಡೆಗೆ ಬೆರಣಿ ತಟ್ಟಿದ ಹಾಗೆ ಬಂತು. ಪಕ್ಕದಲ್ಲಿ ಅವನ ಮೂರು ಕೊಳವೆಗಳ ಮೇಲೆ ಮೀನಿನ ಹುರುಪೆ ಹೊಳೆಯುತ್ತಿತ್ತು.

ಶೇಷಪ್ಪ ಬಗ್ಗಿ ನೋಡಿ, “ಅವ್ರದ್ದೇ ಚೆಂದ ಕಾಣ್ತದೆ, ಅಲ್ದಾ ಸಾರ್?” ಎಂದ.

“ಹೌದು. ಮೂರು ಚೆಂದ ಇದೆ, ಒಂದು ಸರಿ ಇದೆ. ನಿನಗೆ ಯಾವುದು ಬೇಕು?”

“ನಂಗೆ ಮನೆಗೆ ಹೋಗ್ಬೇಕು ಮಾರಾಯ್ರೆ” ಎಂದ.

ಬ್ರೇಕಿನ ಸಣ್ಣ ನಳಿಗೆ ಹೊಗೆಕೊಳವೆಯ ಪಕ್ಕದಲ್ಲೇ ಹಾದಿತ್ತು. ಸತ್ತವನು ಅದರ ಯೋಚನೆಯನ್ನೇ ಮಾಡಿರಲಿಲ್ಲ. ಕೊಳವೆ ಕ್ಷಣಮಾತ್ರದಲ್ಲಿ ಕಾಯುತ್ತದೆ, ನಳಿಗೆಯೊಳಗಿನ ಎಣ್ಣೆ ಕುದಿದರೆ ಘಾಟಿಯಲ್ಲಿ ಬ್ರೇಕು ಹಿಡಿಯುವುದಿಲ್ಲ. ಎರಡರ ನಡುವೆ ಒಂದು ತಗಡು ಅಡ್ಡ ಕೊಟ್ಟೆ. ಅಂಟು ಎಲ್ಲವನ್ನೂ ಕೆರೆದು ತೆಗೆದು, ಸಂದು ಮುಚ್ಚುವ ಹೊಸ ಗ್ಯಾಸ್ಕೆಟ್ ಇಟ್ಟು, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸಾಲಾಗಿ ಬಿಗಿದೆ.

ಸ್ಟಾರ್ಟ್ ಮಾಡು ಎಂದೆ. ಎಂಜಿನ್ ಹತ್ತಿಕೊಂಡಿತು. ಸೋರಿಕೆ ನೋಡಬೇಕಿತ್ತು. ಎಲ್ಲಾದರೂ ಕೂದಲಷ್ಟು ಸಂದಿದ್ದರೂ ಸಣ್ಣ ಹೊಗೆಯ ಎಳೆ ಅದರ ಹತ್ತಿರ ಅಲುಗುತ್ತದೆ. ಶೆಡ್ಡಿನ ಗೋಡೆಯಲ್ಲಿ ಅವನ ಫೋಟೋಕ್ಕೆ ಹಾರ ಹಾಕಿ, ಮುಂದೆ ಊದುಬತ್ತಿ ಹಚ್ಚಿಟ್ಟಿದ್ದರು. ಸುಶೀಲಮ್ಮನನ್ನು ನೋಡಿದೆ. ಆಕೆಯೇ ಒಂದು ಕಡ್ಡಿ ಕಿತ್ತು ಕೈಗೆ ಕೊಟ್ಟರು. ಶೇಷಪ್ಪನಿಗೆ ಹಿಂದಿನ ಕೊಳವೆಯ ಬಾಯಿಗೆ ಬಟ್ಟೆ ಒತ್ತಿ ಹಿಡಿಯಲು ಹೇಳಿ, ಊದುಬತ್ತಿಯನ್ನು ಒಂದೊಂದು ಬೆಸುಗೆಯ ಸುತ್ತಲೂ ಮೆಲ್ಲಗೆ ಸುತ್ತಿಸಿದೆ. ಹೊಗೆ ಎಲ್ಲೂ ಬೆದರಲಿಲ್ಲ. ನನ್ನ ಬೆರಣಿಯ ಹತ್ತಿರವೂ ಇಲ್ಲ, ಅವನ ಹುರುಪೆಯ ಹತ್ತಿರವೂ ಇಲ್ಲ. ಕಡ್ಡಿಯನ್ನು ತಂದು ಫೋಟೋದ ಮುಂದೆ ಮತ್ತೆ ಸಿಕ್ಕಿಸಿದೆ. ಆ ದಿನದ ಕೆಲಸಕ್ಕೆ ಅವನಿಂದಾದ ಸಹಾಯ ಅದೊಂದು.

ಪಿಕಪ್ಪಿನವನಿಗೆ ಬರಬೇಡವೆಂದು ಹೇಳಿಸಿ, ಬಂಪರಿನ ಹಗ್ಗ ಬಿಚ್ಚಿ ನೆಲಕ್ಕೆ ಹಾಕಿದ್ದು ಆಮೇಲೆ.

ಎದುರಿನ ಹೋಟೆಲಿನ ಬೆಂಚುಗಳು ಖಾಲಿಯಾಗಿದ್ದವು. ಟೀ ಲೋಟ ಹಿಡಿದು ಎಲ್ಲರೂ ರಸ್ತೆಯ ಅಂಚಿಗೆ ಬಂದಿದ್ದರು. ಸಂಜೆಯ ಬಿಸಿಲು ಏರಿನ ಮೇಲೆ ಬಿದ್ದಿತ್ತು. ಶೇಷಪ್ಪ ಕಾರನ್ನು ರಸ್ತೆಗೆ ತಂದು, ಬಲಕ್ಕೆ ತಿರುಗಿಸಿ, ಮೂತಿ ಮೇಲೆ ಮಾಡಿ ನಿಲ್ಲಿಸಿದ. ಹಿಂದಿನಿಂದ ನೂಕಲು ಇಬ್ಬರು ಅಭ್ಯಾಸಬಲದಿಂದ ಓಡಿ ಬಂದರು.

“ಯಾರೂ ಮುಟ್‌ಬೇಡಿ” ಎಂದರು ಸುಶೀಲಮ್ಮ. ಗಂಡ ಸತ್ತ ಮೇಲೆ ಆಕೆ ರಸ್ತೆಯಲ್ಲಿ ದನಿ ಎತ್ತಿದ್ದು ಅದೇ ಮೊದಲಿರಬೇಕು. ಇಬ್ಬರೂ ಕೈ ತೆಗೆದರು.

ಶೇಷಪ್ಪ ಹ್ಯಾಂಡ್‌ಬ್ರೇಕ್ ಬಿಟ್ಟ. ಕಾರು ಒಂದು ಕ್ಷಣ ಹಿಂದಕ್ಕೆ ಜಗ್ಗಿತು. ಸುಶೀಲಮ್ಮ ನನ್ನ ಪಕ್ಕದಲ್ಲಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಕ್ಲಚ್ಚು ಹಿಡಿಯಿತು. ಕಾರು ನಿಂತಲ್ಲಿಂದ ಎದ್ದು ಏರು ಹತ್ತತೊಡಗಿತು. ಟಪಟಪ ಸದ್ದಿಲ್ಲ, ಕರಿ ಹೊಗೆಯಿಲ್ಲ, ಒಂದೇ ಶ್ರುತಿ. ಅರ್ಧ ಏರಿನಲ್ಲಿ ಗೇರು ಬದಲಿಸಿದ ಸದ್ದು ಕೇಳಿತು. ತಿರುವಿನಲ್ಲಿ ಶೇಷಪ್ಪ ಕಿಟಕಿಯಿಂದ ಕೈ ಹೊರಹಾಕಿ ಬೀಸಿದ. ಆಮೇಲೆ ಸದ್ದು ಮಾತ್ರ, ಆಮೇಲೆ ಅದೂ ಇಲ್ಲ.

ಹೋಟೆಲಿನವರು ಚಪ್ಪಾಳೆ ಹೊಡೆದರು.

“ಎಂಜಿನಿಯರ ಕೈಗುಣ ಅಂದ್ರೆ ಇದು! ಸತ್ತ್ ಮೇಲೂ ಗಾಡಿ ಏರು ಹತ್ತಿಸಿದ್ರು ನೋಡಿ” ಎಂದ ಹೋಟೆಲಿನ ಯಜಮಾನ.

“ಹಂಗಾದ್ರೆ ಬೆಳಗ್ಗಿಂದ ಫೋರ್‌ಮನ್ರು ಎಂತ ಮಾಡ್ತಿದ್ದಿದ್ದು?” ಎಂದು ಇನ್ನೊಬ್ಬ ಕೇಳಿದ.

“ಕಡೇ ಬೋಲ್ಟು ಹಾಕೂದು ಬಾಕಿ ಇತ್ತಂತೆ.”

ಎಲ್ಲರೂ ನನ್ನ ಕಡೆ ತಿರುಗಿದರು. ಹೊಸನಗರದ ಗೇಟಿನಿಂದ ಹಿಡಿದು ಹೇಳಲು ನನ್ನಲ್ಲಿ ಉತ್ತರ ಸಿದ್ಧವಾಗಿತ್ತು, ನಾಲಿಗೆಯ ಮೇಲೇ ಇತ್ತು. ಸುಶೀಲಮ್ಮ ನನ್ನನ್ನು ನೋಡಲಿಲ್ಲ. ಗಾಡಿ ಹೋದ ತಿರುವನ್ನೇ ನೋಡುತ್ತ ನಿಂತಿದ್ದರು, ಉಸಿರು ಹಿಡಿದುಕೊಂಡು.

“ಹೌದು. ಕೊನೆಯ ಬೋಲ್ಟು ನನ್ನದು” ಎಂದೆ. ಬೋಲ್ಟಿನ ಮಟ್ಟಿಗೆ ಅದು ಸುಳ್ಳಲ್ಲ.

ಆಕೆ ಉಸಿರು ಬಿಟ್ಟದ್ದು ಕೇಳಿಸಿತು.

ಒಳಗೆ ಬಂದೆವು. ಗೋಡೆಯ ಮೊಳೆಯಲ್ಲಿ ನಾಲ್ಕು ಬೆತ್ತಗಳು ಇನ್ನೂ ನೇತಾಡುತ್ತಿದ್ದವು, ಮೇಷ್ಟರ ಕೋಲಿನಷ್ಟು ನೆಟ್ಟಗೆ. “ಇವನ್ನೆಂತ ಮಾಡ್ಲಿ ಸಾರ್?” ಎಂದರು.

“ಬಚ್ಚಲ ಒಲೆಗೆ ಹಾಕಮ್ಮ. ಚೆನ್ನಾಗಿ ಒಣಗಿವೆ.”

ಆಕೆ ನಾಲ್ಕನ್ನೂ ಮೊಳೆಯಿಂದ ತೆಗೆದುಕೊಂಡರು. ಮೂರನ್ನು ಮುರಿದರು. ಒಂದನ್ನು ಬಾಗಿಲ ಮೂಲೆಯಲ್ಲಿ ನಿಲ್ಲಿಸಿ, “ಇದು ದನಕ್ಕಾಯ್ತು” ಎಂದರು.

ನಾನು ಅರಗಳನ್ನು ಒರೆಸಿ ಬಟ್ಟೆಯಲ್ಲಿ ಸುತ್ತಿದೆ. ವೆಲ್ಡಿಂಗ್ ಯಂತ್ರದ ಸ್ವಿಚ್ಚು ಆರಿಸಿದೆ, ಬೆಂಚು ಗುಡಿಸಿದೆ. ಕಾರು ನಿಂತಿದ್ದ ಜಾಗದಲ್ಲಿ ಹಗ್ಗ ಬಿದ್ದಿತ್ತು. ಅದರ ಧೂಳು ಕೊಡವಿ, ಮೊಣಕೈಗೂ ಹೆಬ್ಬೆರಳಿಗೂ ನಡುವೆ ಸುತ್ತಿ, ತುದಿಯನ್ನು ನಡುವಿಗೆ ಬಿಗಿದು, ಚೀಲದ ಅಡಿಗೆ ಹಾಕಿದೆ.